ಚಾನೆಲ್ 16ರಲ್ಲಿ ಓಗೊಟ್ಟವರಿಗೆ

ನಿಮ್ಮ ಹೆಸರು ಗೊತ್ತಿಲ್ಲ. ಸಮುದ್ರದಲ್ಲಿ, ದಡ ಕಾಣದಷ್ಟು ದೂರದಲ್ಲಿ, ದೋಣಿಯಲ್ಲಿದ್ದ ನಮ್ಮ ಭಾವನಿಗೆ ಎದೆನೋವು ಶುರುವಾದಾಗ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ದೋಣಿಯ ವಿಎಚ್‌ಎಫ್ ರೇಡಿಯೊದಲ್ಲಿ, ತುರ್ತು ಕರೆಯ ಚಾನೆಲ್ 16ರಲ್ಲಿ, ‘ಮೇಡೇ’ (ಪ್ರಾಣಾಪಾಯ, ಕಾಪಾಡಿ) ಎಂದು ಕೂಗಿದೆವು. ದಡದಿಂದ ಉತ್ತರವಿಲ್ಲ. ವಿಎಚ್‌ಎಫ್ ಅಲೆ ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ, ಸಣ್ಣ ದೋಣಿಯ ತಗ್ಗು ಆಂಟೆನಾಗೆ ಅಷ್ಟು ದೂರ ಎಟುಕುವುದಿಲ್ಲ. ಓಗೊಟ್ಟಿದ್ದು ಹತ್ತಿರದ ಹಡಗಿನಲ್ಲಿದ್ದ ನೀವು.

ನೀವು ಮೊದಲು ಕೇಳಿದ್ದು ಕಾಯಿಲೆಯನ್ನಲ್ಲ, ನಾವಿದ್ದ ಜಾಗವನ್ನು. ಜಿಪಿಎಸ್‌ನಲ್ಲಿದ್ದ ಅಕ್ಷಾಂಶ, ರೇಖಾಂಶ ಓದಿಸಿ, ನೀವೂ ತಿರುಗಿ ಓದಿದಿರಿ. ಆಮೇಲೆ ಮಾತು ಕಡಿದುಹೋದರೂ ಹುಡುಕಿ ಬರಬಹುದು, ಅಲ್ವಾ! ವಯಸ್ಸು, ಉಸಿರಾಟ, ಅಲರ್ಜಿ ಎಲ್ಲ ಕೇಳಿ, ಸ್ಯಾಟಲೈಟ್ ಫೋನಿನಲ್ಲಿ ವೈದ್ಯರನ್ನು ಹಿಡಿದಿರಿ. ಅವರ ಮಾತನ್ನು ನಮಗೆ ದಾಟಿಸಿದಿರಿ: 300 ಮಿ.ಗ್ರಾಂ. ಆಸ್ಪಿರಿನ್ ಅಗಿದು ನುಂಗಲಿ, ಒರಗಿ ಕೂರಲಿ, ಓಡಾಟ ಬೇಡ.

ಹೆಲಿಕಾಪ್ಟರ್ ಬರುವ ಮುಂಚೆ ಡೆಕ್ ಮೇಲಿನ ಸಡಿಲ ಸಾಮಾನನ್ನೆಲ್ಲ ಕಟ್ಟಿಸಿದಿರಿ. ಹೆಲಿಕಾಪ್ಟರಿನಿಂದ ಇಳಿಬಿಟ್ಟ ತಂತಿ ಮೊದಲು ನೀರಿಗೋ ಡೆಕ್ಕಿಗೋ ತಾಗಲಿ, ಇಲ್ಲದಿದ್ದರೆ ಶಾಕ್ ಹೊಡೆಯುತ್ತದೆ ಎಂದಿರಿ. ಅದನ್ನು ದೋಣಿಗೆ ಮಾತ್ರ ಕಟ್ಟಲೇಬೇಡಿ ಎಂದೂ ಗದರಿದಿರಿ. ಗದರಿದ್ದು ಒಳ್ಳೆಯದೇ ಆಯಿತು, ನನ್ನ ತಮ್ಮ ಅದನ್ನು ಕಟ್ಟಲೆಂದೇ ಹಗ್ಗ ಹಿಡಿದು ನಿಂತಿದ್ದ!

ಭಾವ ಈಗ ಆರಾಮಾಗಿದ್ದಾರೆ. ನಿಮಗೂ ದಾರಿ ಬದಲಿಸಿ ನಮ್ಮ ಪಕ್ಕ ನಿಂತ ನಿಮ್ಮ ಕ್ಯಾಪ್ಟನ್‌ಗೂ ಮನೆಮಂದಿಯೆಲ್ಲರ ಥ್ಯಾಂಕ್ಸ್.