ಈ ಭಾನುವಾರ ಆಲೂ ಖೀಮಾ

ಎಲ್ಲರಿಗೂ ನಮಸ್ಕಾರ. ಈ ವಾರದ ಅಡುಗೆ ಆಲೂ ಖೀಮಾ. ಸಾರೇ ಬೇಕೆನ್ನುವವರು ಕೈಮಾ ಉಂಡೆ ಸಾರು ಮಾಡಬಹುದು. ಹುರಿಗಡಲೆ ಪುಡಿ ಮಾತ್ರ ಬಿಡಬೇಡಿ, ಉಂಡೆ ಒಡೆಯದಂತೆ ಹಿಡಿದಿಡುವುದೇ ಅದು.

ಹೊರದೇಶದಲ್ಲಿರುವ ಸದಸ್ಯರು ಗಮನಿಸಿ: ಅಲ್ಲಿನ ಅಂಗಡಿಗಳಲ್ಲಿ ಸಿಗುವ ಕುರಿಮರಿ ಖೀಮಾದಲ್ಲಿ ಸಾಮಾನ್ಯವಾಗಿ ಕೊಬ್ಬು ಜಾಸ್ತಿ. ನಮ್ಮ ಲೆಕ್ಕದಲ್ಲಿ ಎಣ್ಣೆ ಸುರಿದರೆ ತಟ್ಟೆಯಲ್ಲಿ ತೇಲುತ್ತದೆ. ಒಣ ಬಾಣಲೆಯಲ್ಲೇ ಖೀಮಾ ಹಾಕಿ, ನೀರು ಇಂಗಿ ಕಂದು ಬಣ್ಣ ಬರುವವರೆಗೆ ಹುರಿಯಿರಿ. ಬಿಟ್ಟುಕೊಂಡ ಕೊಬ್ಬನ್ನು ಬಸಿದು, ಅದರಲ್ಲೇ ಸ್ವಲ್ಪ ತೆಗೆದುಕೊಂಡು ಚಕ್ಕೆ, ಲವಂಗ, ಈರುಳ್ಳಿ, ಶುಂಠಿ ಬೆಳ್ಳುಳ್ಳಿ ಬಾಡಿಸಿ.

ಅರ್ಧ ಕಿಲೋ ಖೀಮಾಕ್ಕೆ ಮಧ್ಯಮ ಗಾತ್ರದ ಎರಡು ಆಲೂಗಡ್ಡೆ ಸಾಕು. ನಾಲ್ಕು ಹಾಕಿದರೆ ಅದು ಪಲ್ಯವಾಗುತ್ತದೆ, ಖೀಮಾ ಆಗುವುದಿಲ್ಲ! ಬೆರಳ ತುದಿಯಷ್ಟು ಚೂರುಗಳಾಗಿ ಹೆಚ್ಚಿ, ಖೀಮಾ, ಅರಿಶಿನ, ಖಾರದ ಪುಡಿ, ಧನಿಯಾ ಪುಡಿ, ಉಪ್ಪಿನೊಂದಿಗೆ ಒಂದು ಲೋಟ ನೀರು ಹಾಕಿ ಮುಚ್ಚಿ ಬೇಯಿಸಿ. ಟೊಮೇಟೊ ಆಮೇಲೆ: ಹುಳಿ ಮೊದಲೇ ಬಿದ್ದರೆ ಆಲೂಗಡ್ಡೆ ಬೇಗ ಮೆತ್ತಗಾಗುವುದಿಲ್ಲ. ಅವಸರದವರು ಇಲ್ಲಿಯೇ ಎಡವುತ್ತಾರೆ. ಕೊನೆಗೆ ಒಂದು ಹಿಡಿ ಮೆಂತ್ಯ ಸೊಪ್ಪು ಹಾಕಿದರೆ ಕುರಿಯ ವಾಸನೆ ತಗ್ಗುತ್ತದೆ. ತೆಂಗಿನಕಾಯಿ ಬೇಡವೆಂಬುದು ನನ್ನ ಅಭಿಪ್ರಾಯ, ಜಗಳಕ್ಕೆ ಸಿದ್ಧನಿದ್ದೇನೆ.

ಉಂಡೆ ಮಾಡುವವರು ಒಂದನ್ನು ಮುರಿದು ನೋಡಿ. ಥರ್ಮಾಮೀಟರ್ ಇದ್ದವರು ಒಳಗೆ 71 ಡಿಗ್ರಿ ಸೆಲ್ಸಿಯಸ್ ತಲುಪಿದೆಯೇ ಎಂದು ಪರೀಕ್ಷಿಸಿ. ಮಾಂಸವನ್ನು ಕೊಚ್ಚುವಾಗ ಹೊರಮೈಯ ಸೂಕ್ಷ್ಮಾಣುಗಳು ಒಳಗೂ ಸೇರುತ್ತವೆ.

ಉಳಿದದ್ದನ್ನು ಹಿಸುಕಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿದರೆ ಸೋಮವಾರಕ್ಕೆ ಕಟ್ಲೆಟ್. ಚಿತ್ರಗಳನ್ನು ಭಾನುವಾರ ರಾತ್ರಿ ಒಂಬತ್ತರೊಳಗೆ ಹಾಕಿ. ಶುಭಾಶಯದ ಹೂವಿನ ಚಿತ್ರಗಳು ಅಂದು ಬೇಡ.