ಇದನ್ನು ತರಬೇತಿ ಎಂದು ಕರೆಯಬೇಡಿ

ಮಾನ್ಯ ಸಂಪಾದಕರೇ,

‘ತಂತ್ರಜ್ಞಾನ ಬಳಕೆಗೆ ಶಿಕ್ಷಕರು ಸಜ್ಜು’ ಎಂಬ ತಲೆಬರಹದಡಿ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂದ ಶಿಕ್ಷಕರ ತರಬೇತಿಯ ವರದಿಯನ್ನು ಓದಿ ಸುಮ್ಮನಿರಲು ಆಗದೆ ಈ ಪತ್ರ ಬರೆಯುತ್ತಿದ್ದೇನೆ. ಆ ತರಬೇತಿಯಲ್ಲಿ ನಾನೂ ಇದ್ದೆ. ಯಾರು ಸಜ್ಜಾದರು, ಯಾವುದಕ್ಕೆ ಸಜ್ಜಾದರು ಎಂದು ನಿಮ್ಮ ವರದಿಗಾರರು ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಮ್ಮನ್ನು ಒಂದು ಮಾತು ಕೇಳಬಹುದಿತ್ತು. ಉದ್ಘಾಟನೆ ಮುಗಿದು ಅಧಿಕಾರಿಗಳು ಎದ್ದೊಡನೆ ಅವರೂ ಹೊರಟುಹೋದರು.

ಆದೇಶ ಬಂದದ್ದು ಹಿಂದಿನ ರಾತ್ರಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಕಡ್ಡಾಯ ಹಾಜರಾತಿ, ತಪ್ಪಿದರೆ ಶಿಸ್ತುಕ್ರಮ ಎಂಬ ಸಾಲು ಮಾತ್ರ ದಪ್ಪ ಅಕ್ಷರದಲ್ಲಿತ್ತು. ನಮ್ಮ ಪ್ರೌಢಶಾಲೆಯಲ್ಲಿ ಎಂಟು, ಒಂಬತ್ತು, ಹತ್ತು ಮೂರೂ ತರಗತಿಗಳ ಗಣಿತಕ್ಕೆ ನಾನೊಬ್ಬಳೇ. ಹತ್ತನೆಯ ತರಗತಿಯ ಕಿರುಪರೀಕ್ಷೆಯನ್ನು ಮುಂದೂಡಿ, ಶಾಲೆಯ ಹೊರಗಿನ ಕರ್ತವ್ಯ ಎಂದು ಒಒಡಿ ಬರೆದಿಟ್ಟು, ಬಸ್ ಬದಲಿಸಿ ಹೊತ್ತಿಗೆ ಸರಿಯಾಗಿ ಹೋದರೆ ಸಭಾಂಗಣಕ್ಕೆ ಬೀಗ. ಬೀಗದ ಕೈ ಯಾರ ಬಳಿ ಇದೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಅತಿಥಿಗಳು ಬರುವವರೆಗೆ ಕಾಯಬೇಕಾಯಿತು. ಬೆಳಗಿನ ಅವಧಿ ಸ್ವಾಗತ, ಪ್ರಾಸ್ತಾವಿಕ ನುಡಿ, ಹಾರ, ಭಾಷಣಗಳಲ್ಲೇ ಕಳೆಯಿತು. ಶಿಕ್ಷಕರು ಕಾಲಕ್ಕೆ ತಕ್ಕಂತೆ ಬದಲಾಗಬೇಕು ಎಂದು ವೇದಿಕೆಯ ಮೇಲಿದ್ದವರೆಲ್ಲರೂ ಹೇಳಿದರು. ಹೇಗೆ ಎಂದು ಒಬ್ಬರೂ ಹೇಳಲಿಲ್ಲ.

ಆಮೇಲೆ ತರಬೇತಿ. ಕಿಟಕಿಗಳಿಗೆ ಪರದೆ ಇಲ್ಲದ ಕಾರಣ ಪ್ರೊಜೆಕ್ಟರಿನ ಅಕ್ಷರಗಳು ಬಿಸಿಲಿನಲ್ಲಿ ಕಾಣಿಸುತ್ತಿರಲಿಲ್ಲ. ಅಷ್ಟೂ ಜನರಿಗೆ ಇದ್ದದ್ದು ಒಂದೇ ಲ್ಯಾಪ್‌ಟಾಪ್, ಅದೂ ಸಂಪನ್ಮೂಲ ವ್ಯಕ್ತಿಯ ಮುಂದೆ. ಅವರು ಸ್ಲೈಡ್‌ಗಳನ್ನು ಒಂದೊಂದಾಗಿ ಓದಿದರು. ನಮಗೆ ಕಳುಹಿಸಿದ ಕೈಪಿಡಿಯನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಲಾಗಿತ್ತು. ನಮ್ಮ ಮೊಬೈಲ್‌ಗಳಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಕೊಂಡು ಕಾಣುತ್ತಿದ್ದವು. ಎಲ್ಲ ಯಂತ್ರಗಳಲ್ಲೂ ಓದಲು ಬರುವ ಯೂನಿಕೋಡ್‌ನಲ್ಲಿ ಕೊಡಿ ಎಂದು ಕೇಳಿದರೆ ‘ಮೇಲಿಂದ ಹೀಗೇ ಬಂದಿದೆ’ ಎಂಬ ಉತ್ತರ. ತಂತ್ರಜ್ಞಾನ ಕಲಿಸಲು ಬಂದವರ ಕೈಪಿಡಿಯ ಸ್ಥಿತಿ ಇದು! ಮಧ್ಯಾಹ್ನದ ಹೊತ್ತೆಲ್ಲ ಆ್ಯಪ್ ಇಳಿಸಿಕೊಳ್ಳುವುದು, ನೋಂದಾಯಿಸುವುದು, ಒಟಿಪಿಗೆ ಕಾಯುವುದು. ಮೊಬೈಲ್ ನಮ್ಮದು, ಡೇಟಾ ನಮ್ಮದು. ಹಿಮ್ಮಾಹಿತಿ ನಮೂನೆಯನ್ನು ತರಬೇತಿ ಮುಗಿಯುವ ಮೊದಲೇ ತುಂಬಿಸಿಕೊಂಡರು, ‘ಉತ್ತಮ’ ಎಂಬಲ್ಲಿ ಗುರುತು ಹಾಕಿ ಎಂದು ಹೇಳಿಯೇ ತುಂಬಿಸಿಕೊಂಡರು.

ಸಿಟ್ಟು ಬಂದದ್ದು ಇದಕ್ಕಷ್ಟೇ ಅಲ್ಲ. ಸ್ಮಾರ್ಟ್‌ಬೋರ್ಡ್ ಕಂಪನಿಯಿಂದ ಬಂದಿದ್ದ ಯುವಕ ಪೆನ್ನಿನ ಬಣ್ಣ ಬದಲಿಸುವುದನ್ನೂ ಪರದೆ ಅಳಿಸುವುದನ್ನೂ ತೋರಿಸಿದ. ಅರ್ಧವೃತ್ತದಲ್ಲಿನ ಕೋನ ಲಂಬಕೋನ ಎಂಬ ಪಾಠವನ್ನು ಇದರಲ್ಲಿ ಹೇಗೆ ಮಾಡುವುದು ಎಂದು ಕೇಳಿದೆ. ‘ಅದು ನಿಮ್ಮ ಸಬ್ಜೆಕ್ಟ್ ಮೇಡಂ, ನಿಮಗೇ ಗೊತ್ತಿರಬೇಕು’ ಎಂದ. ಆ ಯುವಕನನ್ನು ನಾನು ದೂರುವುದಿಲ್ಲ, ಅವನಿಗೆ ಒಪ್ಪಿಸಿದ ಕೆಲಸ ಅಷ್ಟೇ. ಆದರೆ ನಮಗೆ ಬೇಕಾಗಿದ್ದುದೇ ಆ ಉತ್ತರ. ಪಕ್ಕದಲ್ಲಿ ಕುಳಿತಿದ್ದ ಅಧಿಕಾರಿಗಳು ‘ಪ್ರಶ್ನೆಗಳು ಕೊನೆಯಲ್ಲಿ’ ಎಂದು ಬಾಯಿ ಮುಚ್ಚಿಸಿದರು. ಕೊನೆಯಲ್ಲಿ ವಂದನಾರ್ಪಣೆ ಇತ್ತು, ಪ್ರಶ್ನೆಗಳಿಗೆ ಅವಕಾಶವಿರಲಿಲ್ಲ.

ಜಿಯೋಜೀಬ್ರಾ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ವ್ಯಾಸದ ಎರಡು ತುದಿಗಳನ್ನು ಪರಿಧಿಯ ಮೇಲಿನ ಒಂದು ಬಿಂದುವಿಗೆ ಸೇರಿಸಿ, ಆ ಬಿಂದುವನ್ನು ಪರಿಧಿಯುದ್ದಕ್ಕೂ ಎಳೆದರೆ ಕೋನ 90 ಡಿಗ್ರಿಯಿಂದ ಕದಲುವುದಿಲ್ಲ. ವೃತ್ತದೊಳಕ್ಕೆ ಎಳೆದರೆ ಹೆಚ್ಚುತ್ತದೆ, ಹೊರಕ್ಕೆ ಎಳೆದರೆ ತಗ್ಗುತ್ತದೆ. ಎಳೆಯುವ ಮೊದಲು ಏನಾಗಬಹುದು ಎಂದು ಮಕ್ಕಳಿಂದ ನೋಟ್‌ಬುಕ್ಕಿನಲ್ಲಿ ಬರೆಸಬೇಕೇ, ಎಳೆದ ಮೇಲೆ ಕೇಳಬೇಕೇ? ಪರದೆಯ ಮೇಲೆ ಕಂಡದ್ದನ್ನೇ ಪುರಾವೆ ಎಂದು ನಂಬುವ ಮಗುವನ್ನು ಪ್ರಮೇಯದ ಸಾಧನೆಯ ಕಡೆಗೆ ಹೇಗೆ ಕರೆತರಬೇಕು? ಯಾವಾಗ ಪರದೆಯನ್ನು ಆರಿಸಿ ಕೈವಾರ ಹಿಡಿಸಬೇಕು? ತರಬೇತಿ ಎಂದರೆ ಇದು. ಗಣಿತದ ಶಿಕ್ಷಕರು ಗಣಿತದ ಶಿಕ್ಷಕರೊಡನೆ ಕುಳಿತು, ಒಂದು ಪಾಠವನ್ನು ಮಾಡಿ ನೋಡಿ, ತಪ್ಪಿದಲ್ಲಿ ತಿದ್ದಿಕೊಳ್ಳುವುದು. ಕನ್ನಡ, ಗಣಿತ, ದೈಹಿಕ ಶಿಕ್ಷಣ ಎಲ್ಲರನ್ನೂ ಒಂದೇ ಸಭಾಂಗಣದಲ್ಲಿ ತುಂಬಿ ಪೆನ್ನಿನ ಬಣ್ಣ ತೋರಿಸುವುದು ಈಜು ಕಲಿಸುತ್ತೇವೆಂದು ಕರೆದು ಕೊಳದ ನಕ್ಷೆ ತೋರಿಸಿ ಕಳುಹಿಸಿದ ಹಾಗೆ.

ಇಲಾಖೆಗೆ ಗೊತ್ತಿಲ್ಲ ಎನ್ನುವಂತಿಲ್ಲ. 1995ರಲ್ಲಿ ಎಚ್‌.ಡಿ. ಕೋಟೆಯಲ್ಲಿ ಆಟವಾಡುತ್ತ ಕಲಿಯುವ ನಲಿ-ಕಲಿ ಪದ್ಧತಿ ಆರಂಭವಾದಾಗ ಶಿಕ್ಷಕರೇ ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ, ಅಲ್ಲಿನ ಕಲಿಕೆಯನ್ನು ಕಣ್ಣಾರೆ ಕಂಡು ಬಂದು ಇಲ್ಲಿನ ಕಲಿಕಾ ಕಾರ್ಡುಗಳನ್ನು ಕೂತು ತಯಾರಿಸಿದರು. ವಿಷಯ ಶಿಕ್ಷಕರ ವೇದಿಕೆಯ ಮೂಲಕ ಪ್ರೌಢಶಾಲಾ ಶಿಕ್ಷಕರು ಪರಸ್ಪರ ಪಾಠ ಸಾಮಗ್ರಿ ಹಂಚಿಕೊಂಡದ್ದೂ ನಮ್ಮ ರಾಜ್ಯದಲ್ಲೇ. ಪಕ್ಕದ ಕೇರಳ 2001ರಲ್ಲಿ ಶಾಲೆಗಳಲ್ಲಿ ಕಂಪ್ಯೂಟರ್ ಬಳಸುವ ಐಟಿ ಅಟ್ ಸ್ಕೂಲ್ ಯೋಜನೆ ಆರಂಭಿಸಿ ಶಿಕ್ಷಕರನ್ನೇ ಮಾಸ್ಟರ್ ಟ್ರೇನರ್‌ಗಳನ್ನಾಗಿ ಮಾಡಿತು. ಇವೆಲ್ಲ ಕಡತದಲ್ಲಿ ಇವೆ. ಕಡತ ತೆರೆಯುವವರು ಬೇಕಷ್ಟೇ.

ನಮ್ಮಲ್ಲಿ ಆಗಿರುವುದು ಬೇರೆ. ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣದ ಮಾಹಿತಿ ಸಿಂಧು ಯೋಜನೆ ಬಂತು, ಹೋಯಿತು. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು, ಚಾಮರಾಜನಗರದ ಶಾಲೆಗಳ ಮೇಲೆ ಡಿಶ್‌ಗಳು ಬಂದವು. ಅದೇ ವರ್ಷ ಶಾಲೆಗಳಿಗೆ ಕಂಪ್ಯೂಟರ್ ಕೊಡುವ ಕೇಂದ್ರದ ಐಸಿಟಿ ಯೋಜನೆ, ಆಮೇಲೆ ತಂತ್ರಜ್ಞಾನ ಬಳಸಿ ಕಲಿಸುವ ರಾಜ್ಯದ ಟಾಲ್ಪ್, 2017ರಲ್ಲಿ ಆನ್‌ಲೈನ್ ಪಾಠಗಳ ದೀಕ್ಷಾ, 2019ರಲ್ಲಿ ಶಿಕ್ಷಕರ ತರಬೇತಿಯ ನಿಷ್ಠಾ. ಹೆಸರುಗಳಿಗೆ ಕೊರತೆಯಿಲ್ಲ. ನಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಹಳೆಯ ಯೋಜನೆಯೊಂದರ ಯಂತ್ರಗಳು ಇಂದಿಗೂ ಪ್ಲಾಸ್ಟಿಕ್ ಹೊದಿಕೆಯಲ್ಲಿವೆ, ಯುಪಿಎಸ್ ಬ್ಯಾಟರಿಗಳು ಉಬ್ಬಿ ಒಡೆದಿವೆ. ಬಳಸಲು ಆಗುವುದಿಲ್ಲ, ಬಿಸಾಡಲು ಬಿಡುವುದಿಲ್ಲ, ಆಡಿಟ್‌ಗೆ ಬೇಕಂತೆ. ಗುತ್ತಿಗೆ ಮುಗಿದ ದಿನವೇ ಕಂಪ್ಯೂಟರ್ ಬೋಧಕರನ್ನು ಮನೆಗೆ ಕಳುಹಿಸಿದರು. ಹೊಸ ಸ್ಮಾರ್ಟ್‌ಬೋರ್ಡ್ ಬಂದು ಉದ್ಘಾಟನೆಗಾಗಿ ತಿಂಗಳುಗಟ್ಟಲೆ ಪೆಟ್ಟಿಗೆಯೊಳಗೇ ಇತ್ತು. ಬಿಸಿಲಿಳಿದ ಮೇಲೆ ವಿದ್ಯುತ್ ಬರುವ ಊರಿನ ಶಾಲೆಗೆ ವಿದ್ಯುತ್ ಇಲ್ಲದೆ ನಡೆಯದ ಹಲಗೆ ಕೊಟ್ಟವರನ್ನು ಯಾರೂ ಪ್ರಶ್ನಿಸುವುದಿಲ್ಲ. ಅದನ್ನು ಬಳಸದ ಶಿಕ್ಷಕಿಗೆ ಮಾತ್ರ ನೋಟಿಸ್.

ಇನ್ನು ನಮಗೆ ನಿಜವಾಗಿ ಬರುವ ತಂತ್ರಜ್ಞಾನದ ಕೆಲಸವೆಂದರೆ ಎಸ್‌ಎಟಿಎಸ್‌ನಲ್ಲಿ ಮಕ್ಕಳ ವಿವರ ತುಂಬುವುದು, ಯುಡೈಸ್‌ನಲ್ಲಿ ಶಾಲೆಯ ವಿವರ ತುಂಬುವುದು, ಬಿಸಿಯೂಟದ ಲೆಕ್ಕ ಹಾಕುವುದು, ಫೋಟೊ ತೆಗೆದು ಗುಂಪಿಗೆ ಹಾಕುವುದು. ಚುನಾವಣೆಗೂ ನಾವೇ, ಸಮೀಕ್ಷೆಗೂ ನಾವೇ. ಸರ್ವರ್ ಕೆಟ್ಟರೂ ಬೈಗುಳ ನಮಗೇ. ಇಷ್ಟರ ನಡುವೆ ಪಾಠ ಸಿದ್ಧಪಡಿಸಿಕೊಳ್ಳಲು ಸಮಯ ಎಲ್ಲಿದೆ ಎಂದು ಒಬ್ಬ ಅಧಿಕಾರಿಯಾದರೂ ಕೇಳಿದ್ದಾರೆಯೇ? ರಾಷ್ಟ್ರೀಯ ಶಿಕ್ಷಣ ನೀತಿ 2020 ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆಗಳ ವೃತ್ತಿಪರ ಕಲಿಕೆ ಇರಬೇಕೆನ್ನುತ್ತದೆ. ಗಂಟೆಗಳನ್ನು ಎಣಿಸಲು ಎಲ್ಲರಿಗೂ ಬರುತ್ತದೆ. ಗಂಟೆಯೊಳಗೆ ಏನಿತ್ತು ಎಂದು ನೋಡುವವರಿಲ್ಲ. ಹಾಗಾಗಿಯೇ ಆನ್‌ಲೈನ್ ತರಬೇತಿಯ ವಿಡಿಯೊ ತನ್ನಷ್ಟಕ್ಕೆ ಓಡುತ್ತದೆ, ಶಿಕ್ಷಕರು ಅಂಕಪಟ್ಟಿ ತುಂಬುತ್ತಿರುತ್ತಾರೆ, ಕೊನೆಗೆ ಪ್ರಮಾಣಪತ್ರ ಬರುತ್ತದೆ. ಇದು ಶಿಕ್ಷಕರ ಸೋಮಾರಿತನವಲ್ಲ, ಹೀಗೆ ಮಾಡುವಂತೆ ಕಟ್ಟಿದ ವ್ಯವಸ್ಥೆಯ ಫಲ.

ನನಗೆ ತಂತ್ರಜ್ಞಾನದ ಮೇಲೆ ಯಾವ ದ್ವೇಷವೂ ಇಲ್ಲ. ಹಿಂದಿನ ಬೆಂಚಿನಲ್ಲಿ ಬಾಯಿಬಿಡದೆ ಕೂರುವ ಹುಡುಗಿಯೊಬ್ಬಳು ಪರದೆಯ ಮೇಲೆ ಬಿಂದುವನ್ನು ತಾನೇ ಎಳೆದು ‘ಮಿಸ್, ಇದು ಯಾಕೆ ಬದಲಾಗುತ್ತಿಲ್ಲ?’ ಎಂದು ಕೇಳಿದ್ದನ್ನು ನಾನು ನೋಡಿದ್ದೇನೆ. ಅಂತಹ ಪ್ರಶ್ನೆ ಪ್ರತಿ ಶಾಲೆಯಲ್ಲೂ ಏಳಬೇಕು ಎಂಬ ಆಸೆಯಿಂದಲೇ ಇಷ್ಟು ಬರೆದಿದ್ದೇನೆ.

ಆದ್ದರಿಂದ ಸಂಬಂಧಪಟ್ಟವರು ಇಂತಹ ತರಬೇತಿಗಳನ್ನು ತಕ್ಷಣ ನಿಲ್ಲಿಸಬೇಕು. ಅಥವಾ ವಿಷಯವಾರು ತಂಡ ಮಾಡಿ, ಕೈಗೆ ಯಂತ್ರ ಕೊಟ್ಟು, ಶಾಲೆಗೇ ಬಂದು, ಪದೇ ಪದೇ ನಡೆಸಬೇಕು. ಕರೆಯುವುದಾದರೆ ವಾರ ಮೊದಲೇ ತಿಳಿಸಲಿ. ಬ್ಯಾಟರಿ ಬದಲಿಸಲಿ. ಬೀಗದ ಕೈ ಎಲ್ಲಿದೆ ಎಂದಾದರೂ ತಿಳಿದುಕೊಂಡಿರಲಿ. ವೇದಿಕೆಯಿಂದ ನಮಗೆ ಬುದ್ಧಿ ಹೇಳುವ ಅಧಿಕಾರಿಗಳು ಒಂದು ದಿನ ನಮ್ಮ ಎಂಟನೆಯ ತರಗತಿಗೆ ಬಂದು, ಅದೇ ಹಲಗೆಯ ಮುಂದೆ ನಿಂತು ನಲವತ್ತು ನಿಮಿಷ ಪಾಠ ಮಾಡಿ ತೋರಿಸಲಿ. ಅಲ್ಲಿಯವರೆಗೆ ಶಿಕ್ಷಕರು ಬದಲಾಗಬೇಕು ಎಂಬ ಭಾಷಣ ನಮಗೆ ಬೇಡ.

– ಸರ್ಕಾರಿ ಪ್ರೌಢಶಾಲೆಯ ಗಣಿತ ಶಿಕ್ಷಕಿ