ಮುದ್ರಣ ಕಾಗದ ಹಾಗೂ ದರದ ಬದಲಾವಣೆ ಕುರಿತು ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ವಂದನೆಗಳು. ಬರುವ ಏಪ್ರಿಲ್ 1ರಿಂದ ನಮ್ಮ ಸಹಕಾರಿ ಮುದ್ರಣಾಲಯದಲ್ಲಿ ವಾರಪತ್ರಿಕೆ ಮತ್ತು ಪಾಕ್ಷಿಕಗಳನ್ನು ಆಮದು ನ್ಯೂಸ್‌ಪ್ರಿಂಟಿನ (ಪತ್ರಿಕಾ ಕಾಗದದ) ಬದಲು ದೇಶೀಯ ಕಾರ್ಖಾನೆಗಳ 45 ಜಿಎಸ್‌ಎಂ (ಚದರ ಮೀಟರಿಗೆ 45 ಗ್ರಾಂ ತೂಗುವ) ಕಾಗದದ ಮೇಲೆ ಮುದ್ರಿಸಲಾಗುವುದು. ವರ್ಷಕ್ಕೊಮ್ಮೆ ಗೊತ್ತುಪಡಿಸುತ್ತಿದ್ದ ಮುದ್ರಣ ದರವನ್ನು ಇನ್ನು ಮುಂದೆ ಮೂರು ತಿಂಗಳಿಗೊಮ್ಮೆ ಗೊತ್ತುಪಡಿಸುತ್ತೇವೆ. ಇದರ ಕಾರಣವನ್ನು ತಮಗೆ ವಿವರವಾಗಿ ತಿಳಿಸುವುದು ನಮ್ಮ ಕರ್ತವ್ಯ.

ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ (ಎಂಪಿಎಂ) ಕಾಗದ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಶಿವಮೊಗ್ಗದ ನಮ್ಮಂಥ ಮುದ್ರಕರಿಗೆ ಕಾಗದ ಪಕ್ಕದೂರಿನ ಸರಕಾಗಿತ್ತು. ಅಲ್ಲಿನ ಯಂತ್ರಗಳು ನಿಂತ ಮೇಲೆ ಆಮದು ರೀಲುಗಳನ್ನೇ ನೆಚ್ಚಿಕೊಂಡೆವು. ನಮ್ಮ ದಾಸ್ತಾನು ಪುಸ್ತಕದ ಪುಟಗಳಲ್ಲಿ ಎರಡು ದೇಶಗಳ ಹೆಸರೇ ಮತ್ತೆ ಮತ್ತೆ ಕಾಣುತ್ತವೆ: ಕೆನಡಾ ಮತ್ತು ರಷ್ಯಾ.

ಕೆನಡಾದ ಕಾಗದ ಸ್ಪ್ರೂಸ್‌ನಂಥ ಮರಗಳ ಉದ್ದನೆಯ ನಾರಿನದು. ರೀಲಿನಿಂದ ಕಾಗದವನ್ನು ಎಳೆದುಕೊಂಡು ಮುದ್ರಿಸುವ ವೆಬ್ ಆಫ್‌ಸೆಟ್ ಯಂತ್ರದ ಎಳೆತಕ್ಕೆ ಸುಲಭವಾಗಿ ಹರಿಯುವುದಿಲ್ಲ. ಆದರೆ ಉತ್ತರ ಅಮೆರಿಕದಲ್ಲಿ ಪತ್ರಿಕೆಗಳ ಪ್ರಸಾರ ಕುಸಿದಂತೆ ಅಲ್ಲಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಕೆಲವು ಪ್ಯಾಕಿಂಗ್ ಕಾಗದಕ್ಕೆ ಹೊರಳಿದವು. ನ್ಯೂಫೌಂಡ್‌ಲ್ಯಾಂಡ್‌ನ ಗ್ರ್ಯಾಂಡ್ ಫಾಲ್ಸ್ ಕಾರ್ಖಾನೆ 1909ರಲ್ಲಿ ಆರಂಭವಾಗಿ 2009ರಲ್ಲಿ ಮುಚ್ಚಿತು. ಒಂದು ಕಾಲಕ್ಕೆ ಜಗತ್ತಿನಲ್ಲೇ ಅತಿ ದೊಡ್ಡದೆನಿಸಿದ್ದ, 1912ರಿಂದ ನಡೆಯುತ್ತಿದ್ದ ಪೊವೆಲ್ ರಿವರ್ ಕಾರ್ಖಾನೆ 2021ರ ಕೊನೆಯಲ್ಲಿ ನಿಂತಿತು.

ರಷ್ಯಾದ ಕಥೆ ಬೇರೆ. ಕೊಂಡೊಪೊಗಾ, ಬಾಲಾಖ್ನಾ, ಸೊಲಿಕಾಮ್ಸ್ಕ್ ಕಾರ್ಖಾನೆಗಳಿಗೆ ಮರದ ಕೊರತೆಯಿಲ್ಲ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾದ ಬಳಿಕ ದೊಡ್ಡ ಹಡಗು ಕಂಪನಿಗಳು ಆ ದೇಶದ ಕಂಟೇನರ್ ಸ್ವೀಕರಿಸುವುದನ್ನು ನಿಲ್ಲಿಸಿದವು, ಬ್ಯಾಂಕಿನ ಮೂಲಕ ಹಣ ಕಳಿಸುವುದೂ ಕಷ್ಟವಾಯಿತು. ಮುಂಗಡ ಪಡೆದಿದ್ದ ನಮ್ಮ ಸರಬರಾಜುದಾರರು ಆ ಬೇಸಿಗೆಯಲ್ಲಿ ವಾರ ವಾರವೂ ಹೊಸ ದರ ಹೇಳಿದರು. ರಷ್ಯನ್ ಲಿಪಿಯ ಚೀಟಿ ಅಂಟಿಸಿದ್ದ ಕೊನೆಯ ನಾಲ್ಕು ರೀಲುಗಳನ್ನು ನಾವು ಪುಟ ಎಣಿಸಿ ಬಳಸಿದ್ದು ಇಂದಿಗೂ ನೆನಪಿದೆ. 2020ರಿಂದ 2022ರ ನಡುವೆ ಆಮದು ಕಾಗದದ ಬೆಲೆ ಎರಡು ಪಟ್ಟಿಗೂ ಮೀರಿ ಏರಿತು. 2019ರ ಜುಲೈನಲ್ಲಿ ಶೇ 10ರಷ್ಟು ವಿಧಿಸಿ, ಮರುವರ್ಷದ ಬಜೆಟ್‌ನಲ್ಲಿ ಶೇ 5ಕ್ಕೆ ಇಳಿಸಿದ ಸುಂಕ ಎರಡೂ ದೇಶಗಳ ಕಾಗದಕ್ಕೆ ಸಮಾನವಾಗಿಯೇ ತಗುಲಿದ್ದರಿಂದ, ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೂ ಆ ಹೊರೆ ತಪ್ಪುತ್ತಿರಲಿಲ್ಲ.

ಹೀಗೆ ಒಂದು ಕಡೆ ಕಾರ್ಖಾನೆಗಳೇ ಕಡಿಮೆಯಾಗುತ್ತಿವೆ, ಇನ್ನೊಂದು ಕಡೆ ಕಾಗದವಿದ್ದರೂ ದಾರಿ ಭದ್ರವಾಗಿಲ್ಲ. ಈ ಎರಡನ್ನು ನಂಬಿ ಇಡೀ ವರ್ಷದ ದರಕ್ಕೆ ಮಾತು ಕೊಡುವುದು ಪ್ರಾಮಾಣಿಕತೆಯಾಗದು ಎಂದು ಆಡಳಿತ ಮಂಡಳಿ ಭಾವಿಸಿದೆ. ದೇಶೀಯ ಕಾರ್ಖಾನೆಗಳೂ ರದ್ದಿ ಕಾಗದವನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತವೆ. ಆದ್ದರಿಂದಲೇ ದರವನ್ನು ಮೂರು ತಿಂಗಳಿಗೆ ಸೀಮಿತಗೊಳಿಸಿದ್ದೇವೆ.

ಹೊಸ ಕಾಗದ ಮರುಬಳಕೆಯ ತಿರುಳಿನದಾದ ಕಾರಣ ತುಸು ಬೂದು ಬಣ್ಣ ಹೊಂದಿದ್ದು, ದಟ್ಟ ಕಪ್ಪು ಮುದ್ರಿಸಿದರೆ ಹಿಂಬದಿಗೆ ಕಾಣಿಸುತ್ತದೆ. ಛಾಯಾಚಿತ್ರಗಳನ್ನು ಸ್ವಲ್ಪ ತಿಳಿಯಾಗಿಸಿ ಕಳುಹಿಸಬೇಕೆಂದು ವಿನಂತಿ. ರೀಲು ಹರಿದು ಆಗುವ ನಷ್ಟವನ್ನು ಸಂಘವೇ ಭರಿಸುತ್ತದೆ. ಈಗಾಗಲೇ ಮುಂಗಡ ಪಾವತಿಸಿದವರಿಗೆ ಜೂನ್ 30ರವರೆಗೆ ಹಳೆಯ ದರವೇ ಅನ್ವಯವಾಗುತ್ತದೆ. ಮಾದರಿ ಪ್ರತಿಗಳನ್ನು ಕಚೇರಿಯಲ್ಲಿ ಇರಿಸಿದ್ದೇವೆ. ದಯವಿಟ್ಟು ಬಂದು ನೋಡಿ ತಮ್ಮ ಅಭಿಪ್ರಾಯ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ